ಕೇಳಿದ ಮೇಲೆ ಮತ್ತೊಮ್ಮೆ ಕೇಳಿರಿ



ಶೀಳನೆರೆಯ ಕಡೆಯ ತರುಣನೊಬ್ಬ ಭಾನುವಾರ ಬಲಿಪೂಜೆಯ ನಂತರ ನನ್ನ ಬಳಿ ಬಂದ. ಮೈಸೂರಿನ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಹೌದೆಂದೂ ಇಲ್ಲ, ಇಲ್ಲವೆಂದೂ ಇಲ್ಲ. "ನೀನೇ ಹೋಗಿ ವಿಚಾರಿಸಿದೆಯಾ?" ಎಂದೆ. "ಹಾಗೆ ಕೇಳಿದರೆ ಭಿಕ್ಷೆ ಬೇಡಿದಂತಲ್ಲವೇ ಫಾದರ್? ಅಮ್ಮ ನೊವೇನ ಮಾಡುತ್ತಿದ್ದಾರೆ. ನೀವು ಅಲ್ಲಿ ಯಾರಿಗಾದರೂ ಒಂದು ಮಾತು ಹೇಳಿ" ಎಂದ.

ನಮ್ಮ ಎಷ್ಟೋ ಮನೆಗಳ ಮಾತಿದು. ಮತ್ತೆ ಕೇಳಲು ನಾಚಿಕೆ; ಶಿಫಾರಸು ಹಿಡಿಯಲು ಮಾತ್ರ ನಾಚಿಕೆಯಿಲ್ಲ!

ನಿಮ್ಮೂರಿನ ರೈತನನ್ನು ನೋಡಿರಿ. ಬಿತ್ತಿದ ಬೀಜವನ್ನು ಅವನು ದಿನವೂ ಕೆದಕಿ ನೋಡುವುದಿಲ್ಲ; ಬಿತ್ತಿದೆನೆಂದು ಮನೆಯಲ್ಲೇ ಕೂರುವುದೂ ಇಲ್ಲ. ನೀರು ಕಟ್ಟುತ್ತಾನೆ, ಕಳೆ ಕೀಳುತ್ತಾನೆ, ಬೆಳೆಸುವ ಕೆಲಸವನ್ನು ದೇವರಿಗೆ ಬಿಡುತ್ತಾನೆ.

ಬಾಲಯೇಸುವಿನ ಸಂತ ತೆರೇಸಮ್ಮನವರು 14ನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಲು ಅನುಮತಿ ಬೇಡಿದರು. ಧರ್ಮಾಧ್ಯಕ್ಷರು ಕೂಡಲೇ ಒಪ್ಪಲಿಲ್ಲ. 1887ರ ನವೆಂಬರಿನಲ್ಲಿ ರೋಮಿಗೆ ಹೋಗಿ ಪೋಪ್ 13ನೆಯ ಲಿಯೋ ಅವರನ್ನೇ ಕೇಳಿದರು. ಅಲ್ಲಿಯೂ ಸ್ಪಷ್ಟ ಉತ್ತರ ಸಿಗಲಿಲ್ಲ. ಊರಿಗೆ ಮರಳಿ ಪ್ರಾರ್ಥಿಸಿದರು. ಜೊತೆಗೆ, ಡಿಸೆಂಬರಿನಲ್ಲಿ ಧರ್ಮಾಧ್ಯಕ್ಷರಿಗೆ ನೆನಪಿನ ಕಾಗದವನ್ನೂ ಬರೆದರು. ಕ್ರಿಸ್ಮಸ್ ಬರುವವರೆಗೆ ತಂದೆಯೊಡನೆ ಅಂಚೆ ಕಚೇರಿಗೆ ಅಲೆದರು. 1888ರ ಜನವರಿ 1ರಂದು ಒಪ್ಪಿಗೆ ತಿಳಿದುಬಂತು. ಆಗಲೂ ತಪಸ್ಸುಕಾಲ ಮುಗಿಯುವವರೆಗೆ ಕಾಯಬೇಕಾಯಿತು. ಏಪ್ರಿಲ್ 9ರಂದು ಮಠದ ಬಾಗಿಲು ತೆರೆಯಿತು. ಪ್ರಾರ್ಥನೆ ಅವರ ಲೇಖನಿಯನ್ನು ನಿಲ್ಲಿಸಲಿಲ್ಲ.

ಸಂತ ಲೂಕನ ಶುಭಸಂದೇಶದ 18ನೆಯ ಅಧ್ಯಾಯದ ವಿಧವೆಯೂ ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋದಳು. ಅವಳ ಕೈಯಲ್ಲಿ ಲಂಚವಿರಲಿಲ್ಲ, ಬೆನ್ನ ಹಿಂದೆ ದೊಡ್ಡವರಿರಲಿಲ್ಲ. ಇದ್ದದ್ದು ನ್ಯಾಯವಾದ ಬೇಡಿಕೆಯೊಂದೇ. ನ್ಯಾಯವಾದುದನ್ನು ಎರಡನೆಯ ಸಲ ಕೇಳುವುದು ಭಿಕ್ಷೆಯಲ್ಲ, ಅವಿಶ್ವಾಸವೂ ಅಲ್ಲ.

ಆದ್ದರಿಂದ ಯುವಜನರೇ, ಅರ್ಜಿಯ ಪ್ರತಿಯನ್ನು ಇಟ್ಟುಕೊಳ್ಳಿ. ಕೊನೆಯ ದಿನಾಂಕ ಕಳೆದು ಎರಡು ವಾರವಾದ ಮೇಲೆ ಹುದ್ದೆಯ ಹೆಸರು, ಅರ್ಜಿ ಕಳಿಸಿದ ದಿನ ತಿಳಿಸಿ ವಿನಯದಿಂದ ನಾಲ್ಕು ಸಾಲು ಬರೆಯಿರಿ. ಸರ್ಕಾರಿ ಹುದ್ದೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಕಟ್ಟಿ ಮಾಹಿತಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಅಷ್ಟು ಮಾಡಿ ಮುಂದಿನ ಅರ್ಜಿ ಬರೆಯಿರಿ. "ಹಣ ಕೊಡು, ಕೆಲಸ ಕೊಡಿಸುತ್ತೇನೆ" ಎನ್ನುವವನ ಬಾಗಿಲಿಗೆ ಹೋಗಬೇಡಿ.

ತಂದೆತಾಯಿಯರೇ, ಊಟಕ್ಕೆ ಕುಳಿತ ಮಗನನ್ನು "ಏನಾಯ್ತು?" ಎಂದು ದಿನವೂ ಚುಚ್ಚಬೇಡಿ. ಅವನೊಡನೆ ಕುಳಿತು ಜಪಮಾಲೆ ಹೇಳಿ.

ಮೇಜಿನ ಆಚೆ ಕುಳಿತವರೇ, 'ಇಲ್ಲ' ಎಂದಾದರೂ ಉತ್ತರಿಸಿ. ಕಾಯುವವನಿಗೆ ಅದೂ ಒಂದು ಉಪಕಾರ. ಇದನ್ನು ಹೇಳುವ ನನ್ನ ಮೇಜಿನ ಮೇಲೂ ಉತ್ತರಿಸದ ಕಾಗದಗಳಿದ್ದವು. ಅಂದು ರಾತ್ರಿ ಕುಳಿತು ಬರೆದೆ.

ಆ ತರುಣನಿಗೆ ನಾನು ಶಿಫಾರಸು ಕೊಡಲಿಲ್ಲ. ಇಬ್ಬರೂ ಕೂಡಿ ಕಾಗದ ಬರೆದೆವು. ಉತ್ತರ ಇನ್ನೂ ಬಂದಿಲ್ಲ. ಆದರೆ ಅವನು ಈಗ ತಲೆಯೆತ್ತಿ ಕಾಯುತ್ತಿದ್ದಾನೆ. ಅಂಥವರೊಡನೆ ಪ್ರಭುವೂ ಕಾಯುತ್ತಾರೆ.