ಊರಿನ ಹೆಸರು ಕೇಳಿ ತೀರ್ಪುಮಾಡಬೇಡಿರಿ

(ಯೋಹಾನನ ಸುವಾರ್ತೆ 1ನೇ ಅಧ್ಯಾಯ, 45ರಿಂದ 49ನೇ ವಚನಗಳನ್ನು ಓದಿರಿ.)



ಫಿಲಿಪ್ಪನು ಯೇಸುವಿನ ಸಮಾಚಾರವನ್ನು ತಿಳಿಸಿದಾಗ ನತಾನಯೇಲನು ನಜರೇತೆಂಬ ಹೆಸರನ್ನು ಕೇಳಿದ ಕೂಡಲೇ ಸಂಶಯಪಟ್ಟನು. ಅಂಥ ಅಲ್ಪವಾದ ಊರಿನಲ್ಲಿ ಏನು ಹುಟ್ಟೀತು ಎಂಬದೇ ಅವನ ಎಣಿಕೆ. ಫಿಲಿಪ್ಪನಾದರೋ ವಾದಿಸದೆ, ಕಣ್ಣಾರೆ ಕಾಣುವಂತೆ ಅವನನ್ನು ಕರೆದನು. ನತಾನಯೇಲನ ಸಂಶಯವು ಇಂದಿಗೂ ಲೋಕವನ್ನು ಬಿಟ್ಟುಹೋಗಲಿಲ್ಲ. ಇದಕ್ಕೆ ಒಂದು ದೃಷ್ಟಾಂತವನ್ನು ಕೇಳಿರಿ.

ಅಮೇರಿಕಾ ದೇಶದ ಲಾಸ್ ಏಂಜಲೀಸ್ ಪಟ್ಟಣದ ಪೂರ್ವಕ್ಕೆ ಗಾರ್‌ಫೀಲ್ಡ್ ಎಂಬ ಪ್ರೌಢಶಾಲೆಯುಂಟು. ಅಲ್ಲಿ ಓದುತ್ತಿದ್ದವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದ ಬಡ ಕೂಲಿಗಾರರ ಮಕ್ಕಳು. 1974ರಲ್ಲಿ ಹೈಮೆ ಎಸ್ಕಲಾಂತೆ ಎಂಬವನು ಅಲ್ಲಿಗೆ ಉಪಾಧ್ಯಾಯನಾಗಿ ಬಂದನು. ಅವನು ಬೊಲಿವಿಯಾ ದೇಶದವನು. ಸ್ವದೇಶದಲ್ಲಿ ಹಲವು ವರುಷ ಕಲಿಸಿದವನಾದರೂ ಪರದೇಶದಲ್ಲಿ ಅವನ ವಿದ್ಯೆಗೆ ಬೆಲೆ ಸಿಕ್ಕದೆ, ಹೋಟೆಲಿನ ನೆಲವನ್ನು ಒರಸಿ, ಇಂಗ್ಲಿಷನ್ನು ಕಲಿತು, ತಿರಿಗಿ ಪದವಿಯನ್ನು ಪಡೆದು ಶಿಕ್ಷಕನಾದನು.

ಈ ಮಕ್ಕಳಿಗೆ ಸುಲಭವಾದ ಲೆಕ್ಕಗಳೇ ಸಾಕೆಂದು ಅನೇಕರು ತಿಳಿದಿದ್ದರು. ಅವನಾದರೋ ಕಾಲೇಜಿನಲ್ಲಿ ಕಲಿಸುವ ಕಲನಗಣಿತವನ್ನೇ ಅವರ ಮುಂದೆ ಇಟ್ಟನು. ಬಾಯಿಂದ ಧೈರ್ಯ ಹೇಳಿ ಸುಮ್ಮನಿರಲಿಲ್ಲ. ಶಾಲೆಗೆ ಮುಂಚೆಯೂ ಶಾಲೆ ಬಿಟ್ಟ ಮೇಲೆಯೂ ಬೇಸಿಗೆಯ ರಜೆಯಲ್ಲಿಯೂ ಕಲಿಸಿದನು. ತಂದೆತಾಯಿಗಳಿಂದಲೂ ಒಪ್ಪಂದ ಬರೆಸಿಕೊಂಡನು. 1979ರಲ್ಲಿ ಐವರೇ ಪರೀಕ್ಷೆಗೆ ಕೂತರು. 1982ರಲ್ಲಿ 18 ಮಂದಿ ಕೂತು ಎಲ್ಲರೂ ತೇರ್ಗಡೆಯಾದರು.

ಆಗ ಪರೀಕ್ಷೆ ನಡಿಸುವ ಸಂಸ್ಥೆಯವರು, ಕೆಲವು ಉತ್ತರಗಳು ಒಂದೇ ತರವಾಗಿವೆಯೆಂದು 14 ಮಂದಿಯ ಮೇಲೆ ಸಂಶಯಪಟ್ಟರು. ಆ ಮಕ್ಕಳ ದುಃಖವನ್ನು ಯೋಚಿಸಿರಿ! ಆದರೂ ಅವರಲ್ಲಿ 12 ಮಂದಿ ತಿರಿಗಿ ಪರೀಕ್ಷೆಗೆ ಕೂತರು; ಹನ್ನೆರಡು ಮಂದಿಯೂ ತೇರ್ಗಡೆಯಾದರು. ಬಾಯಿಂದ ಕೊಡಬಹುದಾದ ಯಾವ ಉತ್ತರಕ್ಕಿಂತಲೂ ಇದು ಬಲವಾಗಿತ್ತು. 1987ರಲ್ಲಿ ಆ ಶಾಲೆಯಿಂದ 70ಕ್ಕಿಂತ ಹೆಚ್ಚು ಮಂದಿ ಆ ಪರೀಕ್ಷೆಯಲ್ಲಿ ಜಯಹೊಂದಿದರು. ಆ ಉಪಾಧ್ಯಾಯನು 2010ರಲ್ಲಿ ತೀರಿಹೋದನು.

ಪ್ರಿಯರೇ, ಇದರಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದು, ಅಕ್ಷರವು ನಿಮಗಲ್ಲವೆಂದು ಒಂದು ಕಾಲದಲ್ಲಿ ಅನ್ಯರು ನಮ್ಮ ಹಿರಿಯರಿಗೆ ಹೇಳಿದರು. ಆ ಮಾತಿನ ಗಾಯ ಇನ್ನೂ ಮಾಯಲಿಲ್ಲ. ಈಗ ಮಗಳು ಲೆಕ್ಕದಲ್ಲಿ ತಪ್ಪಿದಳೆಂದು ಶಾಲೆ ಬಿಡಿಸಿ ದನ ಕಾಯಲು ಕಳುಹಿಸುವ ತಂದೆಯು ಅದೇ ಮಾತನ್ನು ತನ್ನ ಬಾಯಿಂದ ಹೇಳುತ್ತಾನಲ್ಲವೇ? ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದ ಕೂಸನ್ನು ಅಲ್ಪವೆಂದೆಣಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಎರಡನೆಯದು, ಪ್ರಯಾಸವಿಲ್ಲದ ನಿರೀಕ್ಷೆ ಬಿತ್ತದ ಹೊಲದಂತಿದೆ. ಮಗುವಿನಿಂದ ದೊಡ್ಡದನ್ನು ಬಯಸುವವರು ಸಂಜೆ ಅದರ ಬಳಿಯಲ್ಲಿ ದೀಪವಿಟ್ಟು ಕೂತುಕೊಳ್ಳಲಿ. ಸುಗ್ಗಿಯ ಕೆಲಸಕ್ಕಾಗಿ ಅದರ ಪಾಠವನ್ನು ತಪ್ಪಿಸದಿರಲಿ. ಓದುಬಲ್ಲ ಯೌವನಸ್ಥರು ನೆರೆಯವರ ಮಕ್ಕಳಿಗೂ ಹೇಳಿಕೊಡಲಿ.

ಮೂರನೆಯದು, ನಿಮ್ಮನ್ನು ಸಂಶಯದಿಂದ ನೋಡಿದರೆ ಕಹಿಯಾಗಬೇಡಿರಿ. ಶುದ್ಧ ಮನಸ್ಸಾಕ್ಷಿಯುಳ್ಳವನು ಎರಡನೆಯ ಪರೀಕ್ಷೆಗೆ ಹೆದರನು.

ನತಾನಯೇಲನು ಬರುವದಕ್ಕಿಂತ ಮುಂಚೆಯೇ ಕರ್ತನು ಅಂಜೂರದ ಮರದ ಕೆಳಗೆ ಅವನನ್ನು ಕಂಡಿದ್ದನು. ನಮ್ಮ ಕೇರಿಯ ಹುಣಸೇಮರದ ಕೆಳಗೆ ಬಳಪ ಹಿಡಿದ ಕೂಸನ್ನೂ ಆತನು ಕಾಣುತ್ತಾನೆ. ಆತನು ಕಾಣುವಂತೆ ಕಾಣುವ ಕಣ್ಣುಗಳನ್ನು ಆತನೇ ನಮಗೆ ದಯಪಾಲಿಸಲಿ. ಆಮೆನ್.