*ಇಂದಿನ ಧಮ್ಮ ಚಿಂತನೆ: ಯಾವ ಕಲ್ಲಿಗೆ ಯಾವ ಸುತ್ತಿಗೆ?*



ನಾನು ಕಲ್ಲು ಕೆತ್ತುವವನು. ಅಪ್ಪ ಕ್ವಾರಿಯಲ್ಲಿ ಗ್ರಾನೈಟ್ ಒಡೆಯುತ್ತಿದ್ದರು. ಕೆಲಸ ಕಲಿಯುವಾಗ ಅವರ ಕಬ್ಬಿಣದ ಸುತ್ತಿಗೆಯಿಂದಲೇ ಬಳಪದ ಕಲ್ಲಿನಲ್ಲಿ ಬುದ್ಧನ ಮುಖ ಕೆತ್ತಿದೆ. ಏನೂ ಮುರಿಯಲಿಲ್ಲ. ಆದರೆ ಪಾಲಿಶ್ ಮಾಡಿದಾಗ ಕೆನ್ನೆಯ ಮೇಲೆ ಬೆಳ್ಳನೆಯ ಚುಕ್ಕೆಗಳು ಎದ್ದವು. ಏಟು ಕಣ್ಣಿಗೆ ಕಾಣದೆ ಒಳಗೆ ಇಳಿದಿತ್ತು. ಮೆದು ಕಲ್ಲಿಗೆ ಮರದ ಕೊಡತಿ, ಚಪ್ಪಟೆ ಉಳಿ ಬೇಕು. ಅದೇ ಕೊಡತಿಯಿಂದ ಗ್ರಾನೈಟ್ ಹೊಡೆದರೆ ಉಳಿ ಜಾರುತ್ತದೆ, ಬರೀ ಪುಡಿ ಉದುರುತ್ತದೆ. ಅಲ್ಲಿ ಕಬ್ಬಿಣದ ಸುತ್ತಿಗೆ, ಕಾರ್ಬೈಡ್ ಮೊನೆಯ ಉಳಿಯೇ ಆಗಬೇಕು.

ದೀಕ್ಷೆ ಪಡೆದು 22 ಪ್ರತಿಜ್ಞೆಗಳನ್ನು ಹೇಳಿದ ಮರುದಿನವೇ ಅವ್ವನ ದೇವರ ಫೋಟೋಗಳನ್ನು ತೆಗೆದು ಹೊರಗಿಟ್ಟೆ. ಅವ್ವ ಮಾತೇ ಆಡಲಿಲ್ಲ. ಗೆದ್ದೆ ಅಂದುಕೊಂಡೆ. ಮೂರು ತಿಂಗಳಾದ ಮೇಲೆ ವಿಹಾರಕ್ಕೆ ಕರೆದಾಗ ಹೇಳಿದಳು: "ಒಂದು ಮಾತೂ ಕೇಳದೆ ಹೊರಗೆ ಹಾಕೋದು ಊರಿನವರು ಮಾಡ್ತಿದ್ರು ಕಣಪ್ಪ. ಈಗ ನೀನೂ ಮಾಡಿದೆ."

ಅದೇ ಕಾಲದಲ್ಲಿ ಊರಿನ ಹೋಟೆಲೊಂದರಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರು. ಅಲ್ಲಿ ಮಾತ್ರ ನಾನು "ಅಣ್ಣಾ, ಇದು ಸರಿಯಲ್ಲ" ಎಂದು ಎರಡು ವರ್ಷ ಮೆತ್ತಗೆ ಹೇಳುತ್ತಾ ಬಂದೆ. ಪುಡಿ ಮಾತ್ರ ಉದುರಿತು. 1989ರ ದೌರ್ಜನ್ಯ ತಡೆ ಕಾಯ್ದೆಯ ಹೆಸರೆತ್ತಿ, ಕೇರಿಯವರೆಲ್ಲ ಸಹಿ ಹಾಕಿ ದೂರು ಬರೆದ ಮೇಲೆ ಲೋಟ ಒಂದಾಯಿತು.

ನಾನು ಮಾಡಿದ್ದೇನು? ಮನೆಯಲ್ಲಿ ಕಬ್ಬಿಣ ಹಿಡಿದೆ, ಹೋಟೆಲಿನಲ್ಲಿ ಮರ ಹಿಡಿದೆ. ಅವ್ವ ತಿರುಗಿ ಹೊಡೆಯುವವಳಲ್ಲ, ಹೋಟೆಲಿನವನು ಹೊಡೆಯಬಲ್ಲವನು. ಅಂದರೆ ನಾನು ಸುತ್ತಿಗೆ ಆರಿಸಿದ್ದು ಕಲ್ಲು ನೋಡಿ ಅಲ್ಲ, ನನ್ನ ಭಯ ನೋಡಿ. ಅದನ್ನೇ ಒಂದು ಕಡೆ ನಿಷ್ಠೆ ಎಂದೂ ಇನ್ನೊಂದು ಕಡೆ ಮೈತ್ರಿ ಎಂದೂ ಕರೆದುಕೊಂಡೆ.

ಭಗವಾನ್ ಬುದ್ಧರು ಅಭಯ ರಾಜಕುಮಾರನಿಗೆ ತಿಳಿಸಿದ್ದು ಇದನ್ನೇ: ಮಾತು ಸತ್ಯವೂ ಹಿತವೂ ಆಗಿದ್ದರೆ ಕೇಳುವವರಿಗೆ ಅಪ್ರಿಯವಾದರೂ ಆಡಬೇಕು, ಆದರೆ ಕಾಲ ನೋಡಿ ಆಡಬೇಕು. ಸಮ್ಯಕ್ ವಾಚಾ ಎಂದರೆ ಯಾವಾಗಲೂ ಮೆದು ಮಾತಲ್ಲ, ಯಾವಾಗಲೂ ಬಿರುಸು ಮಾತೂ ಅಲ್ಲ. ಇನ್ನೊಂದು ಮಾತು: ಉಳಿ ಮೊಂಡಾದಷ್ಟೂ ಏಟು ಜೋರಾಗುತ್ತದೆ. ದಿನಾ ಸಾಣೆ ಹಿಡಿಯಬೇಕಾದದ್ದು ಪ್ರಜ್ಞೆಯನ್ನು.

ಅವ್ವನ ಹತ್ತಿರ ತಪ್ಪಾಯಿತು ಅಂದೆ. ಪ್ರತಿಜ್ಞೆ ನನ್ನದು, ಅದನ್ನು ಬಿಡಲಾರೆ ಎಂದೂ ಹೇಳಿದೆ. ಅವಳು ಇನ್ನೂ ವಿಹಾರಕ್ಕೆ ಬಂದಿಲ್ಲ. ಬುದ್ಧ ಪೂರ್ಣಿಮೆಗೆ ಪಾಯಸ ಮಾಡಿ ಕಳಿಸಿದಳು.

*ಇಂದು ಯೋಚಿಸೋಣ:* ನಾನು ಯಾರ ಮುಂದೆ ಗಟ್ಟಿ, ಯಾರ ಮುಂದೆ ಮೆತ್ತಗೆ? ಅದು ಏತಕ್ಕೆ?

ಭವತು ಸಬ್ಬ ಮಂಗಲಂ. ಜೈ ಭೀಮ್ 🙏