ನನ್ನೊಬ್ಬಳಿಗೇ ಗೊತ್ತಿದ್ದ ಖಾನೆ

ನಮ್ಮ ಮಗಳು ಹುಬ್ಬಳ್ಳಿಯ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನಕಾಶೆ ತೆಗೆಯುವ ಕೆಲಸ ಮಾಡುತ್ತಾಳೆ. ಕಳೆದ ದೀಪಾವಳಿಗೆ ಅಣ್ಣಿಗೇರಿಗೆ ಬಂದವಳು ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದಳು. ನಾನೊಬ್ಬಳೇ ಕರ್ಚಿಕಾಯಿ ಕರಿಯುತ್ತ ಕೂತಿದ್ದೆ. ಸಿಟ್ಟು ಬಂದು ಗದರಿಸಿದರೆ, “ಲೇಯರ್‌ಗೆ ಹೆಸರು ಇಡಾಕತ್ತೇನಿ, ತಡಿಯವ್ವಾ” ಅಂದಳು. ಮಗುವಿಗೆ ಹೆಸರಿಡುವುದು ಗೊತ್ತು, ಇದೇನು ಎಂದು ಕೇಳಿದೆ.

ಮೊದಲು ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದರಲ್ಲ, ಆಟೋಕ್ಯಾಡ್‌ನಲ್ಲಿ ಅದೇ ಕೆಲಸವನ್ನು ಲೇಯರ್‌ಗಳು, ಅಂದರೆ ಪದರುಗಳು, ಮಾಡುತ್ತವೆ. ಗೋಡೆಗೊಂದು ಪದರು, ಬಾಗಿಲಿಗೊಂದು, ವೈರಿಗೊಂದು, ನೀರಿನ ಪೈಪಿಗೊಂದು. ಒಂದೊಂದರ ಬಣ್ಣ ಬೇರೆ, ಗೆರೆಯ ದಪ್ಪ ಬೇರೆ. ಬೇಕಾದದ್ದನ್ನು ತೆರೆದು, ಬೇಡವಾದದ್ದನ್ನು ಮುಚ್ಚಿ ಹಾಳೆ ತೆಗೆಯಬಹುದು. ಆದರೆ ಇವಳಿಗಿಂತ ಮೊದಲು ಇದ್ದವರು ಪದರುಗಳಿಗೆ “ಹೊಸದು”, “ಹೊಸದು-2” ಎಂದು ತಮಗೆ ತೋಚಿದ ಹೆಸರು ಕೊಟ್ಟಿದ್ದರಂತೆ. ಒಂದಕ್ಕಂತೂ ತಮ್ಮ ಮಗಳ ಹೆಸರು! ಉಳಿದದ್ದನ್ನೆಲ್ಲ “ಸೊನ್ನೆ” ಎಂಬ ಪದರಿಗೆ ತುಂಬಿದ್ದರು. ಸೊನ್ನೆ ಪ್ರತಿ ನಕಾಶೆಯಲ್ಲೂ ತಾನಾಗಿಯೇ ಇರುತ್ತದೆ, ಅಳಿಸಲಿಕ್ಕೂ ಬರುವುದಿಲ್ಲ, ಹೆಸರು ಬದಲಿಸಲಿಕ್ಕೂ ಬರುವುದಿಲ್ಲ. ಅವರು ಕೆಲಸ ಬಿಟ್ಟು ಹೋದ ಮೇಲೆ ಯಾವ ಗೆರೆ ಗೋಡೆ, ಯಾವುದು ಪೈಪು ಎಂದು ತಿಳಿಯಲು ಇವಳಿಗೆ ನಾಲ್ಕು ದಿನ ಹಿಡಿಯಿತು.

ಅದಕ್ಕೇ ಈಗ ಇಡೀ ಆಫೀಸಿಗೆ ಒಂದೇ ಪಟ್ಟಿ: ಹೆಸರು, ಬಣ್ಣ, ಗೆರೆಯ ದಪ್ಪ. ಅದನ್ನು ಖಾಲಿ ಮಾದರಿ ಫೈಲಿನಲ್ಲಿ ತುಂಬಿಟ್ಟರೆ ಪ್ರತಿ ಹೊಸ ನಕಾಶೆಯೂ ಅಲ್ಲಿಂದಲೇ ಶುರು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1990ರಲ್ಲೇ ಇಂಥ ಪದ್ಧತಿಯನ್ನು ಪ್ರಕಟಿಸಿತ್ತು. 1998ರಲ್ಲಿ ಐಎಸ್‌ಒ 13567 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಅಮೆರಿಕದ ಪದ್ಧತಿಯಲ್ಲಿ ಕಟ್ಟಡದ ಗೋಡೆ “ಎ-ವಾಲ್”, ವಿದ್ಯುತ್ ದೀಪ “ಇ-ಲೈಟ್”. ನಾಲ್ಕೇ ಅಕ್ಷರದಲ್ಲಿ ಕೂಡಿಸಬೇಕೆಂದು ಲೈಟಿನ ಸ್ಪೆಲಿಂಗನ್ನೇ ಮೊಟಕು ಮಾಡಿದ್ದಾರೆ. ನನ್ನ ಕೆಂಪು ಪೆನ್ನಿಗೆ ಅದು ಇನ್ನೂ ಒಪ್ಪಿಗೆಯಾಗಿಲ್ಲ.

“ನಾಳೆ ನಾ ಇಲ್ಲದಿದ್ರೂ ಯಾರರ ತಗದು ನೋಡಿದ್ರ ತಿಳೀಬೇಕವ್ವಾ” ಅಂದಳು ಮಗಳು. ಅವಳು ಸಹಜವಾಗಿ ಆಡಿದ ಮಾತು. ನನಗೆ ಮಾತ್ರ 2011 ನೆನಪಾಯಿತು.

ಆಗ ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ವಿದ್ಯಾರ್ಥಿವೇತನದ ಕಾಗದಪತ್ರವೆಲ್ಲ ನನ್ನ ಕೈಯಲ್ಲಿ. “ಅಕ್ಕೋರು ಇಲ್ದ ಏನೂ ಸಿಗಂಗಿಲ್ಲ” ಎಂದು ಎಲ್ಲರೂ ಅನ್ನುತ್ತಿದ್ದರು, ನನಗೆ ಒಳಗೊಳಗೇ ಹಿಗ್ಗು. ಯಾವ ಖಾನೆಯಲ್ಲಿ ಏನಿದೆ ಎಂಬುದು ನನ್ನ ತಲೆಯಲ್ಲಿತ್ತೇ ಹೊರತು ಎಲ್ಲೂ ಬರೆದಿರಲಿಲ್ಲ. ವರ್ಗವಾಯಿತು. ಕೀಲಿಕೈ ಕೊಟ್ಟೆ, ಚಾರ್ಜ್ ಕೊಟ್ಟೆ ಎಂದು ಸಹಿ ಹಾಕಿದೆ, ಬಂದೆ. ಎಂಟನೇ ಇಯತ್ತೆಯ ಒಬ್ಬ ಹುಡುಗಿಯ ಆದಾಯ ಪ್ರಮಾಣಪತ್ರವನ್ನು ಹಳೇ ಪ್ರಶ್ನೆಪತ್ರಿಕೆಗಳ ಅಡಿಯಲ್ಲಿ ಜೋಪಾನವಾಗಿ ಇಟ್ಟವಳು ನಾನೇ. ಹೊಸ ಮಾಸ್ತರರಿಗೆ ಅದು ಸಿಗಲಿಲ್ಲ, ಅರ್ಜಿಯ ದಿನ ದಾಟಿತು. ಮರುವರ್ಷ ಅವಳು ಶಾಲೆಗೆ ಬರಲಿಲ್ಲವೆಂದು ಕೇಳಿದೆ. ಹಣವೊಂದೇ ಕಾರಣ ಇರಲಿಕ್ಕಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ನಾನು ಸೋಮಾರಿಯಾಗಿರಲಿಲ್ಲ, ಕಳ್ಳಿಯೂ ಅಲ್ಲ. ನಾನಿಲ್ಲದೆ ನಡೆಯಬಾರದು ಎಂಬ ಆಸೆ ಎಲ್ಲೋ ಇತ್ತು. ಅದು ಅಡಿಗೆಮನೆಯಲ್ಲೂ ಇರುತ್ತದೆ, ನೀವೂ ಕಂಡಿರುತ್ತೀರಿ. ಸಾಸಿವೆ ಹಾರ್ಲಿಕ್ಸ್ ಡಬ್ಬಿಯಲ್ಲಿ, ಜೀರಿಗೆ ಬೋರ್ನ್‌ವಿಟಾ ಡಬ್ಬಿಯಲ್ಲಿ. ಹೊಸ ಸೊಸೆ ಪ್ರತಿಯೊಂದಕ್ಕೂ ಅತ್ತೆಯನ್ನೇ ಕೇಳಬೇಕು.

ಹಾಗಂತ ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಿಬಿಡಬೇಕೇ? ನಮ್ಮ ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳು ಆ ಕಲೆಯನ್ನು ಮಗಳಿಗೂ ಹೇಳಿಕೊಡದೆ ಸೊಸೆಗೆ ಹೇಳಿಕೊಡುತ್ತಿದ್ದರು ಎನ್ನುತ್ತಾರೆ. ಮಗಳು ಮದುವೆಯಾಗಿ ಹೋದ ಮನೆಯಲ್ಲಿ ಗುಟ್ಟು ಒಡೆದೀತು ಎಂಬ ಅಂಜಿಕೆ. ಅವರಿಗೆ ಗುಟ್ಟೇ ರೊಟ್ಟಿ. ಅದನ್ನು ಜಂಬ ಅನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಕಪಾಟಿನ ಗುಟ್ಟಿನಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ.

ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ. ಹಬ್ಬ ಮುಗಿದು ಶಾಲೆ ತೆರೆದ ವಾರವೇ ಕಪಾಟಿನ ಬಾಗಿಲಿನ ಒಳಮೈಗೆ ಪಟ್ಟಿ ಅಂಟಿಸಿದೆ. ಎಡಗಡೆಯ ಮೂರನೇ ಖಾನೆಯ ಎದುರು ಮಾತ್ರ ಏನೂ ಬರೆದಿಲ್ಲ. ಮನೆಯಲ್ಲಿ ಮದುವೆ ಗೊತ್ತು ಮಾಡುತ್ತಿದ್ದಾರೆ ಎಂದು ಹುಡುಗಿಯರು ನನ್ನನ್ನು ನಂಬಿ ಕೊಟ್ಟ ಚೀಟಿಗಳು ಅದರಲ್ಲಿವೆ. ಒಂದೆರಡು ಮದುವೆಗಳನ್ನು ಆ ಚೀಟಿ ಹಿಡಿದೇ ನಿಲ್ಲಿಸಿದ್ದೇವೆ. ಮುಂದೆ ಬರುವವರಿಗೆ ಆ ಖಾನೆ ಬೇಕು. ಆದರೆ ಹೆಸರು ಬರೆದರೆ ಕಪಾಟು ತೆರೆದವರೆಲ್ಲ ಓದುತ್ತಾರೆ. ಮಗಳಿಗೆ ಫೋನ್ ಮಾಡಿ ಕೇಳಿದೆ. ಅವಳೂ ಸ್ವಲ್ಪ ಹೊತ್ತು ಸುಮ್ಮನಿದ್ದಳು.